ನಮ್ಮಣ್ಣನ ಗಂಟಿನ ಚಟ

ನಮ್ಮಣ್ಣ ಒಳ್ಳೆಯ ಡಾಕ್ಟರು ಎಂದು ಯಾರಾದರೂ ಹೇಳಿದರೆ ಧಾರಾಳವಾಗಿ ನಂಬಿ. ಆದರೆ ಅವನ ಪಕ್ಕದಲ್ಲಿ ಮಾತ್ರ ಕೂರಬೇಡಿ! ಕೂತಿರೋ, ಏಳುವ ಮುಂಚೆ ನಿಮ್ಮ ಸೆರಗೋ ಟವೆಲ್ಲೋ ಕುರ್ಚಿಯ ಕೈಗೆ ಬಿಗಿದುಕೊಂಡಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಎಪ್ಪತ್ತರ ದಶಕದ ಮಾತು. ಬಸವನ ಬಾಗೇವಾಡಿಯ ಒಂದು ಸಣ್ಣ ದವಾಖಾನೆಯಲ್ಲಿ ಅಣ್ಣ ಆಪರೇಷನ್ ಮಾಡುತ್ತಿದ್ದ. ಕೊಯ್ದಾಗ ರಕ್ತ ಒಸರುವ ಒಂದೊಂದು ನಾಳವನ್ನೂ ಸಣ್ಣ ದಾರದಿಂದ ಕಟ್ಟಬೇಕು. ಅದಕ್ಕೆ ಬೆರಳು ಪಳಗಬೇಕು. ಪಳಗಿಸಲು ಹೋಗಿ ಚಟವೇ ಹತ್ತಿತ್ತು. ಮಾತಾಡುವಾಗ ಕಣ್ಣು ನಿಮ್ಮ ಮುಖದ ಮೇಲೆ. ಬೆರಳು ಮಾತ್ರ ಕೈಗೆ ಸಿಕ್ಕಿದ್ದಕ್ಕೆಲ್ಲ ಗಂಟು! ಹೊರಸಿನ ಹಗ್ಗ, ಕೈಚೀಲದ ಬಾರು, ಅವ್ವನ ಸೆರಗಿನ ಚುಂಗು, ಯಾವುದನ್ನೂ ಬಿಟ್ಟವನಲ್ಲ.

ಒಮ್ಮೆ ಮುದ್ದೇಬಿಹಾಳದ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರ ಜೊತೆ ಜೋಳದ ಬೆಳೆಯ ಬಗ್ಗೆ ಭಾರೀ ಚರ್ಚೆ ನಡೆಸಿದ್ದ. ಹೂವಿನ ಹಿಪ್ಪರಗಿ ಬಂತು. ಹಿರಿಯರು ಎದ್ದರು. ತಲೆಯ ಪಟಗ ಏಳಲಿಲ್ಲ! ಅದರ ಚುಂಗು ಸೀಟಿನ ಸರಳಿಗೆ ಮೂರು ಗಂಟಿನಲ್ಲಿ ಭದ್ರವಾಗಿತ್ತು.

"ಡಾಕ್ಟರ್ ಸಾಹೇಬ್ರ, ನಮ್ಮೂರು ಬಂತ್ರಿ. ನನ್ನ ಪಟಗಾ ಡಿಸ್ಚಾರ್ಜ್ ಮಾಡ್ರಿ!"

ಅಣ್ಣ ಬಿಚ್ಚಲು ಹೋದ. ಬರಲಿಲ್ಲ. ಪುಣ್ಯಾತ್ಮ ಕಟ್ಟುವುದನ್ನಷ್ಟೇ ಕಲಿತಿದ್ದ! ಕೊನೆಗೆ ಡ್ರೈವರೇ ಇಳಿದು ಬಂದು ಹಲ್ಲಿನಿಂದ ಬಿಚ್ಚಿದ.

ಇಂಥವನ ದವಾಖಾನೆಗೆ ಒಂದು ದಿನ ಹೊಸ ಮಷೀನು ಬಂತು. ಕರೆಂಟಿನ ಕಾವಿನಿಂದ ಕೊಯ್ಯುತ್ತದೆ, ಕೊಯ್ಯುತ್ತಲೇ ನಾಳದ ಬಾಯಿ ಸುಟ್ಟು ರಕ್ತ ನಿಲ್ಲಿಸುತ್ತದೆ. ಗಂಟಿನ ಕೆಲಸವೇ ಇಲ್ಲ! ನೋಡಿದವರೆಲ್ಲ ಬೆರಗಾದರು. ಅಣ್ಣ ಅದರ ಹಿಡಿಗೆ ತನ್ನ ಛತ್ರಿ ನೇತುಹಾಕಿದ.

"ಯಾಕೋ, ಅದರ ಮ್ಯಾಲ ಏನ್ ಸಿಟ್ಟು ನಿನಗ?" ರಾತ್ರಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು.

"ಸಿಟ್ಟಿಲ್ಲ ಯವ್ವಾ. ಕೆಲವು ಕಡೆ ಅದೂ ಬೇಕ. ಆದ್ರ ಕಾವು ಹೇಳಿದಲ್ಲೇ ನಿಂದರೂದಿಲ್ಲ, ಬಾಜೂಕಿಂದನ್ನೂ ಸುಡತೈತಿ. ಹೊಟ್ಟಿ ಒಳಗ ಎಲ್ಲಾ ಜಾರ್ಕೋತ ಇರಬೇಕು. ಸುಟ್ಟ ಜಾಗಾ ಮಾಯೋ ಮುಂದ ಬಾಜೂಕಿಂದನ್ನ ಹಿಡಕೋತೈತಿ, ಕರುಳಿಗಿ ಕರುಳು ಅಂಟತೈತಿ. ಹಂಚಿಗಿ ರೊಟ್ಟಿ ಅಂಟಿದಂಗ. ನೋಡಿಲ್ಲಿ!"

ಅವ್ವ ನೋಡಿದಳು. ರೊಟ್ಟಿ ಕರಕಲಾಗಿ ಹಂಚಿಗೆ ಕಚ್ಚಿಕೊಂಡಿತ್ತು.

"ನಿನ್ನ ಮಾತಿನ್ಯಾಗ ನನ್ನ ರೊಟ್ಟಿ ಹೋತು! ಇದನ್ನ ನೀನ ತಿನ್ನು!"

ಅಣ್ಣ ಕರಕಲು ಕೆರೆದು ತಿಂದ.

ಅಂದು ನಗುತ್ತಾ ಕೂತಿದ್ದ ನನಗೇ ಆ ಮಷೀನಿನ ಮಾತು ಬಂದೀತೆಂದು ಯಾರು ಎಣಿಸಿದ್ದರು? ಸಿಂದಗಿಗೆ ಮದುವೆಯಾಗಿ ಹೋಗಿ ಮೂರು ವರ್ಷವಾದರೂ ನನ್ನ ಮಡಿಲು ತುಂಬಿರಲಿಲ್ಲ. ಅಂಡಾಶಯದ ಮೇಲೆ ಗಡ್ಡೆ ಇದೆ, ಅಣ್ಣನ ಕೈಯಲ್ಲೇ ತೆಗೆಸಬೇಕು ಎಂದಾಯಿತು. ನನಗೆ ಕತ್ತಿಯ ಹೆದರಿಕೆ ಇರಲಿಲ್ಲ. ತಾಯಿಯಾಗುವ ದಾರಿಯೇ ಮುಚ್ಚಿಹೋದರೆ ಎಂಬ ಹೆದರಿಕೆ ಬೆಟ್ಟದಷ್ಟಿತ್ತು.

"ಮಷೀನ್ ಹಚ್ಚಿದ್ರ ಲಗೂನ ಮುಗೀತೈತಂತ. ನೀವ್ಯಾಕ ದಾರ ಹಿಡ್ಕೊಂಡು ಕುಂದರತೀರಿ, ಬೀಗ್ರ?" ಎಂದರು ನಮ್ಮ ಅತ್ತೆ.

ಅಣ್ಣನ ಬೆರಳುಗಳು ಅಂದು ಸುಮ್ಮನಿದ್ದವು. "ಮಷೀನ್ ಹಚ್ಚಿ ಕೊಯ್ದಿದ್ದ ಒಂದು ಹೊಟ್ಟಿ ನಾ ಮತ್ತ ತೆರದೀನ್ರಿ. ಒಳಗ ಎಲ್ಲಾ ಅಂಟಿತ್ತು. ಆಮ್ಯಾಲ ಆ ಹೆಣ್ಮಗಳು, 'ನನಗ ಕೂಸು ಆಗತೈತೇನ್ರಿ?' ಅಂತ ಕೇಳಿದ್ಲು. ನನ್ನ ತಂಗಿಗಿ ಕಾವು ತಾಗಸೂದಿಲ್ರಿ."

ಅತ್ತೆ ಪಂಚಾಂಗ ತಂದು ದಿನ ನೋಡಿದರು.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಸೊಂಟದ ಕೆಳಗೆ ಜೋಮು. ಬಾಯಿ ಮಾತ್ರ ಚುರುಕು! ಪರದೆಯಾಚೆ ಅಣ್ಣ ಗಂಟು ಎಣಿಸುತ್ತ ತನ್ನಷ್ಟಕ್ಕೆ ಎನ್ನುತ್ತಿದ್ದ: "ದಾರ... ಒದ್ದಿ ಬಟ್ಟಿ, ಕರುಳು ಒಣಗಬಾರದು... ಹದಿನಾಲ್ಕು."

"ಅಣ್ಣಾ, ಇನ್ನ ಎಷ್ಟು ಗಂಟೋ?"

"ಸುಮ್ನಿರ ತಂಗಿ! ನೀ ಮಾತಾಡಿದ್ರ ಹೊಟ್ಟಿ ಅಲಗತೈತಿ!"

ಹೊಟ್ಟೆ ತೆರೆದುಕೊಂಡು ಮಲಗಿದಾಗಲೂ ಬೈಸಿಕೊಂಡವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಹೊರಗೆ ನನ್ನ ಗಂಡ ನಾಲ್ಕು ಸಲ ಚಹಾ ಕುಡಿದು ಬಂದರಂತೆ. ಕೊನೆಗೆ ಅಣ್ಣ ನಿರಾಳವಾಗಿ ಉಸಿರು ಬಿಟ್ಟ. "ಇಪ್ಪತ್ಮೂರು. ಮುಗೀತು ನೋಡು."

ಮರುವರ್ಷ ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ನಡುವಿಗೆ ಉಡದಾರ ಕಟ್ಟುವುದು ನಮ್ಮಲ್ಲಿ ಸೋದರಮಾವನ ಕೆಲಸ.

"ಬರ್ರಿ ಬೀಗ್ರ, ಗಂಟ ಹಾಕಾಕ ನಿಮ್ಮನ್ನ ಬಿಟ್ರ ಇನ್ಯಾರದಾರ!" ಅತ್ತೆಯೇ ಕರೆದರು. ಎಲ್ಲರೂ ನಕ್ಕರು.

ಅಣ್ಣ ಕಪ್ಪು ದಾರವನ್ನು ಕೂಸಿನ ನಡುವಿಗೆ ಸುತ್ತಿದ. ಗಂಟು ಬೀಳಲಿಲ್ಲ. ಮತ್ತೊಮ್ಮೆ ಸುತ್ತಿದ. ನೋಡದೆಯೇ ಬಸ್ಸಿಗೆ ಪಟಗ ಕಟ್ಟಿದ ಆ ಬೆರಳುಗಳಿಗೆ ದಾರದ ತುದಿಯೇ ಸಿಗಲಿಲ್ಲ! ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡ. ನನಗೂ ಅಳು ಒತ್ತರಿಸಿ ಬಂತು. ದಾರದ ಒಂದು ತುದಿ ನಾನು ಹಿಡಿದುಕೊಂಡೆ. ಅಣ್ಣ ಗಂಟು ಬಿಗಿದು, ಕೂಸಿನ ಹೊಟ್ಟೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, ನನಗಷ್ಟೇ ಕೇಳುವಂತೆ ಅಂದ:

"ಇಪ್ಪತ್ನಾಲ್ಕು."