ಮೊಟ್ಟೆ ಇಲ್ಲದ ಬೀದಿಯಲ್ಲಿ ಫ್ರೆಂಚ್ ಟೋಸ್ಟ್

ಬಸ್ ಸ್ಟ್ಯಾಂಡ್ ಎದುರಿಗೆ ತವಾ ಇಟ್ಟುಕೊಂಡು ಕೂತವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ನಡೆದು ಬಂದು, ಬೆಂಚಿನ ಮೇಲೆ ಕೂತು, ಮೊದಲು ಒಂದು ಲೋಟ ನೀರು ಕೇಳುತ್ತದೆ. ತಮಿಳುನಾಡಿನ ಗಡಿಯೊಳಗಿರುವ ಕನ್ನಡದ ಊರು ತಾಳವಾಡಿಯಲ್ಲಿ ನನ್ನದೊಂದು ಬೇಕರಿ. ಒಂದು ಮಗ್ಗುಲಿಗೆ ಸತ್ಯಮಂಗಲದ ಬಸ್ಸು, ಇನ್ನೊಂದು ಮಗ್ಗುಲಿಗೆ ಚಾಮರಾಜನಗರದ ಬಸ್ಸು, ನಡುವೆ ನಾನು, ನನ್ನ ಹೆಂಡತಿ ಮತ್ತು ಗೋಡೆಗೆ ಸೇರಿಸಿ ಕಟ್ಟಿದ ಒಲೆ.

ಫ್ರೆಂಚ್ ಟೋಸ್ಟ್ ಮಾಡುವುದನ್ನು ಕಲಿತದ್ದು ಕೊಯಮತ್ತೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ. ದೊಡ್ಡ ವಿದ್ಯೆಯೇನಲ್ಲ. ಹಾಲಿಗೆ ಮೊಟ್ಟೆ ಒಡೆದು ಹಾಕಿ, ಸಕ್ಕರೆ ಏಲಕ್ಕಿ ಸೇರಿಸಿ ಚೆನ್ನಾಗಿ ಕಡೆದು, ನಿನ್ನೆಯ ಬ್ರೆಡ್ಡನ್ನು ಅದರಲ್ಲಿ ಅದ್ದಿ, ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗಾಗುವವರೆಗೆ ಬೇಯಿಸಬೇಕು. ಇವತ್ತಿನ ಬ್ರೆಡ್ಡು ಆಗುವುದಿಲ್ಲ, ಅದ್ದಿದ ಕೂಡಲೇ ಕೈಯಲ್ಲೇ ಕರಗಿ ಹೋಗುತ್ತದೆ. ಸರಿಯಾಗಿ ಬಂದರೆ ಅಂಚು ಗರಿಗರಿ, ನಡು ಮೆತ್ತಗೆ. ನಮ್ಮ ಬೆಟ್ಟದ ಬೆಳಗಿನ ಚಳಿಯಲ್ಲಿ ಆ ವಾಸನೆಗೆ ಬಸ್ಸು ಹತ್ತಿದವರು ಇಳಿದು ಬಂದದ್ದುಂಟು.

ತೊಂದರೆ ಒಂದೇ. ನಮ್ಮ ಬೀದಿಯವರೆಲ್ಲ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ನಾನೂ ಅವರಲ್ಲೊಬ್ಬ. ಈ ಬೀದಿಯೊಳಕ್ಕೆ ಮೊಟ್ಟೆ ಬರುವುದಿಲ್ಲ. ಬಂದರೂ ಬಂದಿಲ್ಲ.

ಒಂದೇ ಕರಾರು

ಅಂಗಡಿಯ ಕಟ್ಟಡ ಬೀದಿಯ ಯಜಮಾನರದು. ಬೆಳಗಿನ ಶಿವಪೂಜೆ ಮುಗಿಯದೆ ತೊಟ್ಟು ನೀರೂ ಮುಟ್ಟದ ಮನುಷ್ಯ. ನಾನು ಇದ್ದಬದ್ದದ್ದನ್ನೆಲ್ಲ ಸುರಿದು ಒಲೆ ಕಟ್ಟಿಸಿ ಮುಗಿಸಿದ ದಿನ ಬಂದು ನೋಡಿ, ತಲೆದೂಗಿ, ಆಮೇಲೆ ತಮ್ಮ ಕರಾರು ಹೇಳಿದರು.

"ನೋಡಪ್ಪ, ನಮ್ ಕಟ್ಟಡದ ಒಳಗ ಮೊಟ್ಟೆ ಒಡಿಯಂಗಿಲ್ಲ. ಒಡ್ದ ದಿನ ಅಂಗಡಿ ಕಾಲಿ ಮಾಡ್ಬುಡು."

ಬೇಕರಿಯವನಿಗೆ ಹೇಳುವ ಮಾತೇ ಇದು? ಆದರೆ ಗೋಡೆಗೆ ಸೇರಿಸಿ ಕಟ್ಟಿದ ಒಲೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮೂರು ದೊಡ್ಡಗಾಜನೂರಿಗೆ ಹೋಗಲಾಗುತ್ತದೆಯೇ? ಅಂಗಡಿ ಹೋದರೆ ಗಂಡ ಹೆಂಡತಿ ಇಬ್ಬರಿಗೂ ಬೇರೆ ಗತಿ ಇರಲಿಲ್ಲ. ಯೋಚನೆ ಮಾಡಿ ನೋಡಿದೆ. ಯಜಮಾನರು ಹೇಳಿದ್ದು "ಒಳಗ" ಎಂದು. ಸರಿ, ಅವತ್ತಿನಿಂದ ನಾನು ಮೊಟ್ಟೆ ಒಡೆಯುವುದು ಹೊರಗೆ, ಚರಂಡಿಗೆ ಹಾಸಿದ ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು. ಅಲ್ಲೇ ಹಾಲಿಗೆ ಹಾಕಿ ಕಡೆದು, ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಮುಚ್ಚಿ ಒಳಗೆ ತರುತ್ತೇನೆ. ಹೊಸಿಲು ದಾಟಿದ ಮೇಲೆ ಅದು ಬರೀ ಹಾಲು.

ಒಂದು ಬೆಳಗ್ಗೆ ಸೋನೆ ಮಳೆ ಹಿಡಿದಿತ್ತು. ನಾನು ಚಪ್ಪಡಿಯ ಮೇಲೆ ಕೂತಿದ್ದೆ, ಹೆಂಡತಿ ಹಿಂದೆ ನಿಂತು ಕೊಡೆ ಹಿಡಿದಿದ್ದಳು. ಬೆಟ್ಟದ ಕೆಳಗಿನ ತಮಿಳು ಊರಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರು ಬಸ್ಸಿಳಿದು ನಮ್ಮನ್ನೇ ನೋಡುತ್ತಾ ನಿಂತರು. ಮಳೆಯಲ್ಲಿ ಯಾಕೆ ಕೂತಿದ್ದೀರಿ, ಒಳಗೆ ಜಾಗ ಇಲ್ಲವೇ ಎಂದು ತಮಿಳಿನಲ್ಲಿ ಕೇಳಿದರು. ಹೆಂಡತಿ ತಮಿಳಿನಲ್ಲೇ, "ಇದು ಈ ಬೀದಿಯ ಆಚಾರ ಸಾರ್, ಒಳಗೆ ಮಾಡುವ ಹಾಗಿಲ್ಲ" ಎಂದಳು. ಪಾಪ, ಅವರು ಆ ಮಳೆಯಲ್ಲೇ ಬೂಟು ಬಿಚ್ಚಿಟ್ಟು, ನನ್ನ ಪಾತ್ರೆಗೆ ಕೈಮುಗಿದು, ಪ್ರಸಾದ ಎಷ್ಟು ಹೊತ್ತಿಗೆ ಕೊಡುತ್ತೀರಿ ಎಂದು ಕೇಳಿದರು.

ಅಷ್ಟು ಸಾಕು

ಅಂಗಡಿ ಶುರುವಾಗಿ ವಾರವಾಗಿರಬೇಕು. ಪೂಜೆ ಮುಗಿಸಿಕೊಂಡು ಯಜಮಾನರು ಬಂದರು. ಹಣೆಯ ವಿಭೂತಿ ಇನ್ನೂ ಹಸಿ. ತವಾ ಮೇಲೆ ನಾಲ್ಕು ಟೋಸ್ಟು ಚುರುಗುಟ್ಟುತ್ತಿದ್ದವು. 

"ಏನ್ಲಾ ಅದು, ಗಮ್ ಅಂತದ?"

"ಟೋಸ್ಟು ಯಜಮಾನ್ರೆ."

"ಏನೇನ್ ಆಕಿದ್ದೈ?"

ಸುಳ್ಳು ಹೇಳಿದರೆ ಶಿವ ಮೆಚ್ಚುವುದಿಲ್ಲ, ನಿಜ ಹೇಳಿದರೆ ಅಂಗಡಿ ಉಳಿಯುವುದಿಲ್ಲ. ನಿಧಾನವಾಗಿ ಶುರು ಮಾಡಿದೆ. "ಬ್ರೆಡ್ಡು, ಹಾಲು, ಸಕ್ರೆ, ಏಲಕ್ಕಿ..."

"ಅಷ್ಟು ಸಾಕು."

"ಇನ್ನೊಂದದ ಯಜಮಾನ್ರೆ."

"ಅಷ್ಟು ಸಾಕು ಅಂದ್ನಲ್ಲಪ್ಪ. ಎರಡು ಕೊಡು."

ಗೋಡೆಯ ಕಡೆಗೆ ಮುಖ ಮಾಡಿ ಕೂತು ಎರಡನ್ನೂ ತಿಂದರು. ಬೆರಳಿಗಂಟಿದ ಬೆಣ್ಣೆಯನ್ನೂ ಬಿಡಲಿಲ್ಲ. ಅವತ್ತಿನಿಂದ ಅದೊಂದು ನೇಮವೇ ಆಯಿತು. ದಿನಾ ಬರುತ್ತಾರೆ, ದಿನಾ ಏನೇನು ಹಾಕಿದ್ದೀಯ ಎಂದು ಗಂಭೀರವಾಗಿ ವಿಚಾರಣೆ ಮಾಡುತ್ತಾರೆ, ಏಲಕ್ಕಿಗೆ ಬಂದ ಕೂಡಲೇ ಕೈ ಎತ್ತುತ್ತಾರೆ. ವಿಚಾರಣೆ ಮಾಡಿದ ತೃಪ್ತಿಯೂ ಆಯಿತು, ಟೋಸ್ಟೂ ಆಯಿತು. ಇಂಥ ಬುದ್ಧಿವಂತಿಕೆ ನನಗಿದ್ದಿದ್ದರೆ ನಾನೂ ಕಟ್ಟಡ ಕಟ್ಟಿಸಿ ಬಾಡಿಗೆಗೆ ಬಿಡುತ್ತಿದ್ದೆ.

ಹೊರಗಿನ ಬೆಂಚಿನಲ್ಲಿ ಅವರದೇ ಹೊಲಕ್ಕೆ ಕಳೆ ಕೀಳಲು ಹೋಗುವ ಹೆಂಗಸೊಬ್ಬಳು ದಿನಾ ಅದೇ ಟೋಸ್ಟು ತಿನ್ನುತ್ತಿದ್ದಳು, ಎಲ್ಲರಿಗೂ ಕಾಣುವ ಹಾಗೆ. ಒಂದು ದಿನ ಯಜಮಾನರು ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದವರು ಅವಳ ತಟ್ಟೆ ನೋಡಿ ಮೂಗು ಮುರಿದರು.

"ಏನಮ್ಮಿ, ಬೆಳಗಾಗೆದ್ದು ಮೊಟ್ಟೆ ತಿಂತಿದ್ದೈ?"

"ಊ ಬುದ್ದಿ," ಎಂದಳು ಅವಳು, ಅಗಿಯುವುದನ್ನು ನಿಲ್ಲಿಸದೆ. "ನಾವು ತಿಂದ್ರ ಮೊಟ್ಟೆ, ನೀವು ತಿಂದ್ರ ಏಲಕ್ಕಿ."

ದನದ ಕೊಟ್ಟಿಗೆಯ ಹೊಗೆ

ನಮ್ಮೂರು ದೊಡ್ಡಗಾಜನೂರಿನ ಸೊಸೆಯೊಬ್ಬಳು ಅಂಗಡಿಗೆ ಬಂದು ನನ್ನ ಹೆಂಡತಿಯ ಹತ್ತಿರ ಟೋಸ್ಟು ಮಾಡುವುದನ್ನು ಗುಟ್ಟಾಗಿ ಕಲಿತುಕೊಂಡು ಹೋದಳು. ಮಗು ಸೊರಗಿದೆ, ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದ್ದರಂತೆ. ಅಡುಗೆ ಮನೆಯಲ್ಲಿ ಮಾಡುವ ಹಾಗಿಲ್ಲ, ಅಲ್ಲಿ ಅತ್ತೆ. ನಡುಮನೆಯಲ್ಲಿ ದೇವರು. ಉಳಿದದ್ದು ಕೊಟ್ಟಿಗೆ. ಭಾನುವಾರ ಬೆಳಗ್ಗೆ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹಳೇ ಹೆಂಚಿಟ್ಟು ಮಾಡಿದಳು.

ಮೊದಲನೇ ಭಾನುವಾರ ಮಗು ತಿಂದಿತು. ಎರಡನೇ ಭಾನುವಾರ ಸೆಗಣಿ ಬಾಚುವ ನೆಪ ಮಾಡಿಕೊಂಡು ಗಂಡ ಬಂದ. ಆಮೇಲಿನ ಭಾನುವಾರ ಅತ್ತೆಯೇ ಕೊಟ್ಟಿಗೆ ಬಾಗಿಲಿಗೆ ಬಂದು ನಿಂತರು. ಸೊಸೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅತ್ತೆ ಒಳಗೆಲ್ಲ ಒಂದು ಸಲ ನೋಡಿ, "ಇಲ್ಲಿ ನಡಿಯದೆಲ್ಲ ನನ್ಗ ಗೊತ್ತಿಲ್ಲ ಕಣವ್ವ. ದನಕ ಮೇವು ಆಕಕ ಬಂದಿವ್ನಿ. ನನ್ಗ ಅಲ್ಲು ಇಲ್ಲ, ಅಂಚು ತಗ್ದು ಮೆತ್ತಗಿರದ ಮಡುಗು" ಎಂದರು.

ಇಂಥ ಸುದ್ದಿ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದರೆ ನಿಲ್ಲುತ್ತದೆಯೇ? ಕೆಲವು ತಿಂಗಳಲ್ಲಿ ಭಾನುವಾರ ಬೆಳಗಾದರೆ ಊರಿನ ಕೊಟ್ಟಿಗೆಗಳಲ್ಲೆಲ್ಲ ಹೊಗೆ. ಎಲ್ಲರ ಮನೆಯ ಹೊಗೆ ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕಂಡಿಲ್ಲ. ಆ ದಾರಿಯಲ್ಲಿ ಬಂದ ದನದ ಡಾಕ್ಟರು ಮಾತ್ರ ಗಾಡಿ ನಿಲ್ಲಿಸಿ ಇದೇನು ಎಂದು ಕೇಳಿದರು. ಸೊಳ್ಳೆ ಓಡಿಸಲು ಬೇವಿನ ಸೊಪ್ಪಿನ ಹೊಗೆ ಹಾಕಿದ್ದೇವೆ ಎಂದು ಯಾರೋ ಹೇಳಿದರು. ಅದನ್ನು ನಂಬಿದ ಡಾಕ್ಟರು ಊರೂರಿನ ಸಭೆಯಲ್ಲಿ ನಮ್ಮೂರಿನ ಗುಣಗಾನ ಶುರುಮಾಡಿದ್ದಾರೆ. ದನಗಳ ಮೇಲೆ ಇಷ್ಟು ಪ್ರೀತಿ ಇರುವ ಊರನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವಂತೆ.

ಕರೀ ಟೋಸ್ಟು

ನಮ್ಮವರು ಮೊಟ್ಟೆ ಇದ್ದರೂ ಇಲ್ಲ ಅಂದುಕೊಂಡು ತಿನ್ನುತ್ತಾರೆ. ಪಟ್ಟಣದವರು ಬಂದರೆ ಇರುವುದನ್ನೆಲ್ಲ ತೆಗೆಸುತ್ತಾರೆ. ತಾಳಮಲೆ ಕಾಡಿನ ಕಡೆಗೆ ಆನೆ ನೋಡಲು ಹೊರಟಿದ್ದ ಜೀಪೊಂದು ನಿಂತಿತು. ನಾಲ್ಕು ಜನ ಇಳಿದು ಬಂದು ಬೋರ್ಡಿನಲ್ಲಿ ಫ್ರೆಂಚ್ ಟೋಸ್ಟ್ ಎಂದು ಬರೆದದ್ದು ನೋಡಿ ಖುಷಿಪಟ್ಟರು. ಮೊದಲನೆಯವರು ಮೊಟ್ಟೆ ಹಾಕಬೇಡಿ ಎಂದರು. ಎರಡನೆಯವರಿಗೆ ಹಾಲು, ಬೆಣ್ಣೆ ಆಗುವುದಿಲ್ಲ. ಮೂರನೆಯವರು ಸಕ್ಕರೆ ಬಿಟ್ಟು ವರ್ಷವಾಗಿದೆ. ನಾಲ್ಕನೆಯವರು ಮೈದಾ ವಿಷ ಎಂದು ನನಗೇ ಒಂದು ಭಾಷಣ ಮಾಡಿದರು.

"ಹಾಗಾದರೆ ತವಾ ಬಿಸಿ ಇದೆ, ಅದನ್ನು ಕೊಡಲೇ?" ಎಂದೆ.

ಅವರು ನಗಲಿಲ್ಲ. ಹೆಂಡತಿ ನನ್ನನ್ನು ಪಕ್ಕಕ್ಕೆ ತಳ್ಳಿ, ಮಧ್ಯಾಹ್ನದ ಊಟಕ್ಕೆ ಮನೆಯಿಂದ ತಂದಿದ್ದ ರಾಗಿ ರೊಟ್ಟಿಯನ್ನು ಬಿಸಿ ಮಾಡಿ, ನಾಲ್ಕು ಮೂಲೆ ಬರುವ ಹಾಗೆ ಕತ್ತರಿಸಿ, ಮೇಲೆ ಹುಚ್ಚೆಳ್ಳು ಚಟ್ನಿ ಸವರಿ ಮುಂದಿಟ್ಟಳು. ನಾಲ್ವರೂ ಬಗ್ಗಿ, ಎದ್ದು, ಬೆಂಚು ಹತ್ತಿ ಫೋಟೋ ತೆಗೆದರು. ಇಂಥ ಫ್ರೆಂಚ್ ಟೋಸ್ಟ್ ಫ್ರಾನ್ಸಿನಲ್ಲೂ ಸಿಗುವುದಿಲ್ಲ ಎಂದು ಒಬ್ಬರು ಹೇಳಿದರು. ಅದು ಮಾತ್ರ ಸತ್ಯ. ನಮಗೆ ಅವತ್ತು ಮಧ್ಯಾಹ್ನ ಊಟವಿಲ್ಲ, ಮಾರಲು ಇಟ್ಟಿದ್ದ ಬನ್ನನ್ನೇ ತಿಂದೆವು. ಮುಂದಿನ ವಾರ ಎರಡು ಜೀಪು ಬಂದು ಕರೀ ಟೋಸ್ಟು ಇದೆಯೇ ಎಂದು ಕೇಳಿದಾಗ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು: "ಇರಿ, ನಾಳಿಕ ಮುದ್ದೆ ಕೊಟ್ಟು ಕೇಕು ಅಂತೀನಿ."

ರುಚಿ ನೋಡಿದ ಪಂಚಾಯ್ತಿ

ಇಷ್ಟು ದಿನ ನಡೆದದ್ದು ಒಂದು ಸಂಜೆ ನಿಂತೇ ಹೋಗುವ ಹಾಗಾಯಿತು. ಯಜಮಾನರ ಭಾವಮೈದ, ಪಕ್ಕದ ಬೀದಿಯ ದೊಡ್ಡ ಜಮೀನ್ದಾರರು, ದೂರು ತಂದರು. ನಮ್ಮವರ ಬೀದಿಯಲ್ಲಿ, ನಮ್ಮವರ ಕಟ್ಟಡದಲ್ಲಿ, ನಮ್ಮವನೇ ಮೊಟ್ಟೆ ತಿನ್ನಿಸುತ್ತಿದ್ದಾನೆ, ಇವತ್ತೇ ಖಾಲಿ ಮಾಡಿಸಬೇಕು ಎಂದು. ಬೀದಿಯ ಹಿರಿಯರು ಐದು ಜನ ಅಂಗಡಿಯ ಒಳಗೇ ಪಂಚಾಯ್ತಿ ಕೂತರು. ನಡುವೆ ಯಜಮಾನರು.  ಒಲೆಯ ಕಡೆ ನೋಡಿದರೆ ಅಳು ಬರುತ್ತಿತ್ತು.

"ಟೋಸ್ಟಲ್ಲಿ ಮೊಟ್ಟೆ ಅದಾ ಇಲ್ವಾ, ಅಷ್ಟೆ ತೀರ್ಮಾನ ಆಗ್ಬೇಕಾದ್ದು," ಎಂದರು ಯಜಮಾನರು.

"ಅವನ್ನೇ ಕೇಳದಲ್ವಾ?" ಎಂದರು ಒಬ್ಬ ಹಿರಿಯರು.

"ತಪ್ಪು ಮಾಡ್ದೋನ ಮಾತ ನಂಬಕ್ಕಾಯ್ತದಾ?" ಎಂದರು ಯಜಮಾನರು.

"ಅಂಗಾರ ಮಾಡದ ನಿಂತ್ಕಂಡು ನೋಡವ," ಎಂದರು ಇನ್ನೊಬ್ಬರು.

"ಮೊಟ್ಟೆ ಒಡಿಯದ ಕಣ್ಣಾರ ನೋಡಿದ್ರ ತಣ್ಣೀರು ಸ್ನಾನ ಮಾಡ್ಬೇಕು. ಈ ಚಳೀಲಿ ಯಾರ್ ಮಾಡೀರಿ?"

ಯಾರೂ ಮಾಡುವುದಿಲ್ಲ ಎಂದಾಯಿತು. ಉಳಿದದ್ದು ತಿಂದು ನೋಡುವುದು. ನನಗೆ ಮಾಡಿ ತಾ ಎಂದು ಅಪ್ಪಣೆಯಾಯಿತು. ಹೊರಗೆ ಚಪ್ಪಡಿಯ ಮೇಲೆ ಕೂತೆ. ಮೊಟ್ಟೆ ಹಾಕದಿದ್ದರೆ ಟೋಸ್ಟು ಆಗುವುದಿಲ್ಲ, ಹಾಕಿದರೆ ಅಂಗಡಿ ಉಳಿಯುವುದಿಲ್ಲ. ಯಾವಾಗಲೂ ಆರು ಮೊಟ್ಟೆ ಹಾಕುವ ಪಾತ್ರೆಗೆ ಹೆದರಿ ನಾಲ್ಕೇ ಹಾಕಿ, ಏಲಕ್ಕಿ ಧಾರಾಳವಾಗಿ ಉದುರಿಸಿದೆ. ನಾನು ಕಡೆಯುತ್ತಿದ್ದಷ್ಟು ಹೊತ್ತೂ ಒಳಗಿನವರೆಲ್ಲ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

ತಟ್ಟೆ ಬಂತು. ಮೊದಲನೆಯ ಹಿರಿಯರು ಒಂದು ತುಂಡು ತಿಂದು, ಕಣ್ಣು ಮುಚ್ಚಿ, "ಮೊಟ್ಟೆ ರುಚಿ ಎಂಗಿರ್ತದ ಅಂತ ನನ್ಗೇನ್ ಗೊತ್ತಪ್ಪ?" ಎಂದರು. ಎರಡನೆಯವರು ಎರಡು ತುಂಡು ತಿಂದು, "ನಮ್ ವಂಸದಲ್ಲೇ ಯಾರ್ಗೂ ಗೊತ್ತಿಲ್ಲ" ಎಂದರು. ಮೂರನೆಯವರಿಗೆ ಒಂದು ಟೋಸ್ಟಿನಲ್ಲಿ ತೀರ್ಮಾನಕ್ಕೆ ಬರಲಾಗಲಿಲ್ಲ, ಇನ್ನೊಂದು ತರಿಸಿದರು. ಆಗ ನನಗೆ ಜೀವ ಬಂತು. ಇದರಲ್ಲಿ ಮೊಟ್ಟೆ ಇದೆ ಎಂದು ಹೇಳಬೇಕಾದರೆ, ಹೇಳುವವನು ಮೊದಲು ಅದನ್ನು ತಿಂದಿರಬೇಕು. ಆ ಐದು ಜನರಲ್ಲಿ ಯಾರು ಬಾಯಿಬಿಟ್ಟಾರು? ನಾನು ಬೆಣ್ಣೆ ಹಾಕುತ್ತಲೇ ಇದ್ದೆ, ತಟ್ಟೆಗಳು ಖಾಲಿಯಾಗುತ್ತಲೇ ಇದ್ದವು. ಯಾರಿಗೂ ಏನೂ ಗೊತ್ತಾಗಲಿಲ್ಲ.

"ಇನ್ನೇನಪ್ಪ, ಸಾಕ್ಸಿ ಇಲ್ಲ. ದೂರು ಬುಟ್ಬುಡು," ಎಂದರು ಯಜಮಾನರು ಭಾವಮೈದನಿಗೆ.

ಭಾವಮೈದ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅವತ್ತೇ ಮೊದಲು. ಸಿಟ್ಟಿನಲ್ಲಿ ತಟ್ಟೆ ಎಳೆದುಕೊಂಡು ಇಡೀ ಟೋಸ್ಟನ್ನು ಬಾಯಿಗೆ ತುರುಕಿಕೊಂಡರು. ಎರಡು ಸಲ ಅಗಿದರು. ಮುಖ ಕೆಂಪಾಯಿತು.

"ಮೋಸ ಕಣ್ರಯ್ಯ. ಪಂಚಾಯ್ತಿ ಅಂತ ಎದರ್ಕಂಡು ಇವತ್ತು ಒಂದು ಮೊಟ್ಟೆ ಕಮ್ಮಿ ಆಕವ್ನ."

 ವಾರಕ್ಕೆ ಎರಡು ಸಲ ಅವರ ಆಳು ಬಂದು, ತನಗೇ ಎಂದು ಹೇಳಿ, ಬಾಳೆ ಎಲೆಯಲ್ಲಿ ಟೋಸ್ಟು ಕಟ್ಟಿಸಿಕೊಂಡು ಹೋಗುತ್ತಿದ್ದದ್ದು ಯಾರಿಗೆಂದು ನನಗೆ ಆಗ ಗೊತ್ತಾಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೂರು ತಂದವರೇ ಸಿಕ್ಕಿಬಿದ್ದ ಮೇಲೆ ಖಾಲಿ ಮಾಡಿಸುವವರು ಯಾರು? ಅಂಗಡಿ ಉಳಿಯಿತು ಎಂದು ನಾನು ಒಲೆಗೆ ಒರಗಿಕೊಂಡೆ. ಇನ್ನು ಯಜಮಾನರು ಸುಮ್ಮನೆ ಎದ್ದು ಮನೆಗೆ ಹೋಗಿದ್ದರೆ ಎಲ್ಲವೂ ಮರ್ಯಾದೆಯಾಗಿ ಮುಗಿಯುತ್ತಿತ್ತು.

ಅವರು ಮಾತ್ರ ಕಣ್ಣು ಮುಚ್ಚಿಕೊಂಡು, ಬಾಯಲ್ಲಿದ್ದ ತುಂಡನ್ನು ನಿಧಾನವಾಗಿ ನುಂಗಿ, ಇಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

"ಒಂದಲ್ಲ ಕಣಪ್ಪ," ಎಂದರು, "ಎರಡು."