ಖಾಲಿ ವಾಪಸ್ ಬಂದ ನೀಲಿ ಡಬ್ಬಿ

ಇಂದ,
ಲ್ಯಾಬ್ ಸಹಾಯಕಿ (ಹಾಗೂ ಸೊಸೆ),
ಸರ್ಕಾರಿ ಆಸ್ಪತ್ರೆ,
ಬಸ್ ನಿಲ್ದಾಣದ ಹಿಂಭಾಗ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಸಕಲ ದೇಶಗಳ ಸಾಂಕ್ರಾಮಿಕ ಪೂರ್ವಸಿದ್ಧತಾ ಕಚೇರಿ,
ಸಮುದ್ರದಾಚೆ.

ವಿಷಯ: ಗಂಟಲು ದ್ರವ ಇಟ್ಟು ಕಳುಹಿಸಿದ ಡಬ್ಬಿಯನ್ನು ತಾವು ಖಾಲಿ ಹಿಂದಿರುಗಿಸಿದ ಬಗ್ಗೆ, ಹಾಗೂ ತತ್ಪರಿಣಾಮ ಅತ್ತೆಯವರು ಬಾಯಿ ತೆರೆಯಲು ನಿರಾಕರಿಸಿದ ಬಗ್ಗೆ.

ಉಲ್ಲೇಖ: 1. ತಮ್ಮ ತುರ್ತು ಸಂದೇಶ: "ಹೊಸ ಜ್ವರದ ಮಾದರಿಯನ್ನು ನಲವತ್ತೆಂಟು ಗಂಟೆಯೊಳಗೆ ಕಳುಹಿಸತಕ್ಕದ್ದು."
2. ಅತ್ತೆಯವರ ಮೌಖಿಕ ಆದೇಶ, ಹಾಸಿಗೆಯಿಂದಲೇ, ಇಂದು ಬೆಳಿಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ವಿನಮ್ರವಾಗಿ, ಆದರೆ ಸ್ವಲ್ಪ ಸಿಟ್ಟಿನಿಂದಲೇ, ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮೂರು ವರ್ಷದ ಹಿಂದಿನ ಜ್ವರಕ್ಕೆ ಈ ಊರಿನಲ್ಲಿ ಮೊದಲು ಹಾಸಿಗೆ ಹಿಡಿದವರು ಅರ್ಜಿದಾರಳ ಅತ್ತೆ, ನಿವೃತ್ತ ಬಸ್ ಕಂಡಕ್ಟರ್. ಮಾದರಿಗಾಗಿ ಅವರ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿದವರು ಆಸ್ಪತ್ರೆಯ ನರ್ಸ್. ಅವರನ್ನು ಎಲ್ಲರೂ ಸಿಸ್ಟರಕ್ಕ ಎನ್ನುತ್ತಿದ್ದರು. ಅರ್ಜಿದಾರಳಿಗೆ ಕೆಲಸ ಕಲಿಸಿದವರೂ ಅವರೇ. ಮಾದರಿಯನ್ನು ನೀಲಿ ಐಸ್ ಡಬ್ಬಿಯಲ್ಲಿಟ್ಟು ತಮಗೆ ಕಳುಹಿಸಲಾಯಿತು. "ಜಗತ್ತಿಗೇ ಉಪಕಾರ" ಎಂದು ತಾವು ಫೋನಿನಲ್ಲಿ ಹೇಳಿದ್ದನ್ನು ಅತ್ತೆ ಗುಣವಾದ ಮರುದಿನವೇ ಇಡೀ ಬೀದಿಗೆ ಹೇಳಿಕೊಂಡು ಬಂದರು.

2. ಎಂಟು ದಿನಕ್ಕೆ ಡಬ್ಬಿ ವಾಪಸ್ ಬಂತು. ಒಳಗೆ ಒಂದು ಚೀಟಿ ಮಾತ್ರ: "ಐಸ್ ಪ್ಯಾಕ್ ಒಂದು ಕಡಿಮೆ ಇತ್ತು. ಮುಂದೆ ಹೀಗಾಗಬಾರದು."

3. ಸದರಿ ಮಾದರಿಯಿಂದಲೇ ಲಸಿಕೆ ತಯಾರಾಯಿತು. ಆದಕಾರಣ ಅದು ಮೊದಲು ತಮ್ಮವರಿಗೆ, ಆಮೇಲೆ ತಮ್ಮ ನೆರೆಯವರಿಗೆ, ಆಮೇಲೆ ಮತ್ತೊಮ್ಮೆ ತಮ್ಮವರಿಗೇ ಸಿಕ್ಕಿತು. ನಮ್ಮ ದೇಶದ ಸರದಿ ತೊಂಬತ್ತೊಂದನೆಯದು. ಮೂವತ್ತು ವರ್ಷ ಜನರನ್ನು ಸಾಲಾಗಿ ಬಸ್ಸು ಹತ್ತಿಸಿದ ಅತ್ತೆಯವರಿಗೆ ಸರದಿ ಎಂದರೇನೆಂದು ಯಾರೂ ಕಲಿಸಬೇಕಿಲ್ಲ. ನಮ್ಮ ಸರದಿಗೆ ಹನ್ನೊಂದು ದಿನ ಇರುವಾಗ ಸಿಸ್ಟರಕ್ಕ ಅದೇ ಜ್ವರಕ್ಕೆ ತೀರಿಕೊಂಡರು. ತಮ್ಮ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲದ ಕಾರಣ ಇಲ್ಲಿ ಬರೆಯಲಾಗಿದೆ.

4. ಈಗ ಹೊಸ ಜ್ವರ. ಈ ಸಲವೂ ಮೊದಲು ಮಲಗಿದವರು ಅತ್ತೆಯೇ. ಯಾವುದರಲ್ಲೂ ಎರಡನೆಯವರಾಗಿ ಅವರಿಗೆ ಅಭ್ಯಾಸವಿಲ್ಲ. ಅರ್ಜಿದಾರಳು ಕಡ್ಡಿ ಹಿಡಿದು ನಿಂತಾಗ ನಡೆದ ಮಾತುಕತೆ ಯಥಾವತ್ತಾಗಿ ಹೀಗಿದೆ:

"ಅತ್ತೆ, ಆ ಅನ್ನಿ."

"ಅನ್ನಲ್ಲ."

"ಹಠ ಮಾಡ್ಬೇಡಿ ಅತ್ತೆ. ಪ್ರಪಂಚ ಕಾಯ್ತಾ ಇದೆ."

"ಕಾಯ್ಲಿ. ನಾವು ಕಾಯ್ಲಿಲ್ವಾ? ಪಕ್ಕದ ಮನೆ ಡಬ್ಬೀನ ನಾನು ಯಾವತ್ತಾದ್ರೂ ಖಾಲಿ ಕಳ್ಸಿದೀನಾ? ಏನೂ ಇಲ್ದಿದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕಿ ಕೊಡ್ತೀನಿ. ಅಷ್ಟು ದೊಡ್ಡ ಆಫೀಸಿಗೆ ಇಷ್ಟೂ ಗೊತ್ತಾಗಲ್ವಾ?"

"ಅವರ ನಿಯಮ ಬೇರೆ ಅತ್ತೆ."

"ಆ ಸಿಸ್ಟರ್ ಹುಡುಗಿ ನನ್ನ ಗಂಟಲಿಗೆ ಕಡ್ಡಿ ಹಾಕಿದ್ಲು. ಅವಳಿಗೆ ಒಂದು ಸೂಜಿ ಬರ್ಲಿಲ್ಲ. ನಾನು ಬಾಯಿ ತೆಗೆಯಲ್ಲ ಅಂತ ಬರಿ ಅವ್ರಿಗೆ."

ಇಷ್ಟನ್ನು ಹೇಳುವಾಗ ಅತ್ತೆಯವರ ಬಾಯಿ ಸಾಕಷ್ಟು ತೆರೆದೇ ಇತ್ತಾದರೂ, ಕಡ್ಡಿ ಹಾಕುವ ಧೈರ್ಯ ಅರ್ಜಿದಾರಳಿಗೆ ಬರಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು.

5. ಮಧ್ಯಾಹ್ನ ಹಿಂದಿನ ಬೀದಿಯ ಎರಡು ವರ್ಷದ ಮಗುವಿಗೂ ಅದೇ ಜ್ವರ ಎಂದು ಸುದ್ದಿ ಬಂತು. ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತರು.

"ಅವ್ರು ಕಲಿಯೋವರೆಗೂ ಜ್ವರ ಕಾಯುತ್ತಾ? ಹಾಕು ಕಡ್ಡಿ" ಎಂದು ತಾವಾಗಿಯೇ "ಆ" ಅಂದರು.

ಆದ್ದರಿಂದ, ಮಾದರಿಯನ್ನು ಅದೇ ನೀಲಿ ಡಬ್ಬಿಯಲ್ಲಿ ಗಡುವಿನೊಳಗೇ ಕಳುಹಿಸಲಾಗಿದೆ. ಲಸಿಕೆ ತಯಾರಾಗಿ ತಮ್ಮವರು ಸೂಜಿಗೆ ಅಂಗಿ ತೋಳು ಮಡಚುವ ದಿನವೇ ಈ ಡಬ್ಬಿಯೂ ಲಸಿಕೆ ತುಂಬಿಕೊಂಡು ಇತ್ತ ಹೊರಡಬೇಕೆಂದು ಕೋರಿಕೆ. ಅಲ್ಲಿಯವರೆಗೆ ಡಬ್ಬಿ ತಮ್ಮ ಮೇಜಿನ ಮೇಲೆಯೇ ಇರಲಿ. ವಾಪಸ್ ಕಳುಹಿಸುವ ಅವಸರ ಬೇಡ.

ಇನ್ನೂ ತಮ್ಮ ವಿಶ್ವಾಸಿ,
(ಸಹಿ)
ಲ್ಯಾಬ್ ಸಹಾಯಕಿ

ಲಗತ್ತುಗಳು:
1. ಗಂಟಲು ದ್ರವದ ಮಾದರಿ: ಒಂದು.
2. ಐಸ್ ಪ್ಯಾಕ್: ನಾಲ್ಕು. ಎರಡು ಸಲ ಎಣಿಸಿದೆ.
3. ಸಕ್ಕರೆ: ಒಂದು ಚಮಚ, ಕಾಗದದ ಪೊಟ್ಟಣದಲ್ಲಿ. ತಾವು ನೋಡಿ ಕಲಿಯಲೆಂದು ಅತ್ತೆಯವರು ಇಟ್ಟದ್ದು. ಇದನ್ನು ಪರೀಕ್ಷೆಗೆ ಒಳಪಡಿಸಬಾರದೆಂದು ವಿನಂತಿ.