ಹದಿನೆಂಟು ಮಿಲಿಮೀಟರ್

ಏಕಕಾಲಕ್ಕೆ ಎರಡು ಕೆಲಸ ಮಾಡುವವರನ್ನು ಜನ ಮೆಚ್ಚುತ್ತಾರೆ. ರೇಡಿಯೋ ವಾರ್ತೆ ಕೇಳುತ್ತಾ ಗಡ್ಡ ಹೆರೆದುಕೊಳ್ಳುವವರು, ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಅವರೆಕಾಯಿ ಬಿಡಿಸುವವರು, ಇವರೆಲ್ಲ ಗಟ್ಟಿಗರು, ಒಪ್ಪುತ್ತೇನೆ. ನಾನು ಆ ಪೈಕಿಯವನಲ್ಲ. ಒಂದು ಕೆಲಸವನ್ನೇ ನೆಟ್ಟಗೆ ಮಾಡಲು ಬಾರದ ನಾನು, ಎಪ್ಪತ್ತರ ದಶಕದ ಕೊನೆಯಲ್ಲಿ ಹಗಲೆಲ್ಲ ಡಿಸೈನ್ ಅಪ್ರೆಂಟಿಸ್ ಆಗಿಯೂ ಸಂಜೆ ಬಿ.ಎ. ವಿದ್ಯಾರ್ಥಿಯಾಗಿಯೂ ಮೂರು ವರ್ಷ ಕಳೆದೆ. ಅದರ ಫಲ ಅನುಭವಿಸಿದವರು ಬೇರೆಯವರು.

ಆಗ ನಾನಿದ್ದದ್ದು ಬಂಗಾರಪೇಟೆಯ ಸೋದರತ್ತೆಯ ಮನೆಯಲ್ಲಿ. ಬೆಳಗ್ಗೆ ರೈಲು ಹತ್ತಿ ಕೆ.ಜಿ.ಎಫ್.ಗೆ ಹೋಗಿ, ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಗೆರೆ ಎಳೆಯುತ್ತಿದ್ದೆ. ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಕಾಲೇಜು. ಅತ್ತೆ ಮಾತ್ರ ನಮ್ಮ ಹುಡುಗ ಡಿಸೈನ್ ಕೆಲಸದಲ್ಲಿದ್ದಾನೆ ಎಂದು ಬೀದಿಗೆಲ್ಲ ಹೇಳಿಬಿಟ್ಟಿದ್ದರು. ಭಾನುವಾರ ಬಂತೆಂದರೆ ಪಕ್ಕದ ಮನೆಯ ಹೆಂಗಸರು ಸೀರೆ ಸೆರಗಿಗೆ ಬಳ್ಳಿ ಬರೆದುಕೊಡು, ದಿಂಬಿನ ಕವರಿಗೆ ಗಿಳಿ ಬರೆದುಕೊಡು ಎಂದು ಬರುವರು. ನನಗೆ ಬರುತ್ತಿದ್ದದ್ದು ನಟ್ಟು, ಬೋಲ್ಟು, ಹಲ್ಲುಚಕ್ರ. ನಾನು ಬರೆದುಕೊಟ್ಟ ಗಿಳಿ ನೋಡಿ ಒಬ್ಬಾಕೆ, ಇದಕ್ಕೆ ಎಣ್ಣೆ ಎಲ್ಲಿ ಬಿಡಬೇಕು ಎಂದು ಕೇಳಿದ್ದಳು.

ನಮ್ಮ ಮುಖ್ಯ ಡ್ರಾಫ್ಟ್ಸ್‌ಮನ್ ಆರೋಗ್ಯಸ್ವಾಮಿ ಎಂಬ ಆಂಡರ್ಸನ್‌ಪೇಟೆಯ ತಮಿಳರು. ನಿವೃತ್ತಿಗೆ ಒಂದು ವರ್ಷವಷ್ಟೇ ಬಾಕಿ. ನನ್ನ ಅಕ್ಷರ, ಅಂಕಿ ಅಚ್ಚು ಹೊಡೆದಂತಿರುತ್ತವೆ ಎಂದು ಅವರಿಗೆ ಬಹಳ ಹೆಮ್ಮೆ. ಅಕ್ಷರ ಚೆನ್ನಾಗಿದ್ದವನ ಲೆಕ್ಕವೂ ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ಆ ಪುಣ್ಯಾತ್ಮರಿಗೆ ಹೇಗೆ ಬಂತೋ, ಬರಬರುತ್ತಾ ನನ್ನ ನಕ್ಷೆಗಳನ್ನು ನೋಡದೆಯೇ ಪರಿಶೀಲಿಸಿದೆ ಎಂದು ಸಹಿ ಹಾಕತೊಡಗಿದರು.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂತು. ನಕ್ಷೆ ಬರೆಯುವ ಟ್ರೇಸಿಂಗ್ ಹಾಳೆಯ ಮೂಲಕ ಕೆಳಗಿನದು ಕಾಣುತ್ತದೆ. ಇತಿಹಾಸದ ನೋಟ್ಸನ್ನು ಅದರಡಿ ಇಟ್ಟು, ಮೇಲೆ ಗೆರೆ ಎಳೆಯುತ್ತಾ ಒಳಗಿನ ರಾಜರ ಇಸವಿಗಳನ್ನು ಬಾಯಿಪಾಠ ಮಾಡುವ ಉಪಾಯ ಕಂಡುಕೊಂಡೆ. ಅಂಥ ಒಂದು ದಿನ ಹಲ್ಲುಚಕ್ರಕ್ಕೆ ಮುಚ್ಚುವ ತಗಡಿನ ಕವಚವೊಂದರ ನಕ್ಷೆ ಬರೆದೆ. ಉದ್ದ ೫೩೧ ಮಿಲಿಮೀಟರ್ ಇರಬೇಕಿತ್ತು. ೫೧೩ ಎಂದು, ಅಚ್ಚು ಹೊಡೆದಂತೆ ಬರೆದೆ.

ಅದನ್ನು ಕೂರಿಸಬೇಕಿದ್ದ ಫಿಟ್ಟರ್ ಮುನಿವೆಂಕಟಪ್ಪ, ಕ್ಯಾಸಂಬಳ್ಳಿ ಕಡೆಯ ರೈತರ ಮನೆಯವರು, ನಕ್ಷೆ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಇದ್ಯಾಕೋ ಗಿಡ್ಡ ಆಯ್ತದೆ ಅನ್ಸ್ತದೆ ಕಣಪ್ಪ. ಒಂದ್ಸಲ ನೋಡು."

ನಾನು ಯಾವುದೋ ರಾಜನ ಪಟ್ಟಾಭಿಷೇಕದಲ್ಲಿದ್ದೆ. ತಲೆ ಎತ್ತದೆ, ಡ್ರಾಯಿಂಗ್ ತಪ್ಪಾಗುವುದಿಲ್ಲ, ಅದರಲ್ಲಿರುವ ಹಾಗೆ ಮಾಡಿ ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಹದಿನೆಂಟು ಮಿಲಿಮೀಟರ್ ಎಂದರೆ ಒಂದು ಬೆರಳು ಸಲೀಸಾಗಿ ನುಸುಳುವಷ್ಟು ಜಾಗ. ಹತ್ತು ದಿನ ಕಳೆದಿರಬಹುದು. ಮುನಿವೆಂಕಟಪ್ಪ ಯಂತ್ರ ಒರೆಸುತ್ತಿದ್ದಾಗ ಕೈಯಲ್ಲಿದ್ದ ಬಟ್ಟೆಯ ತುದಿ ಆ ಸಂದಿಯೊಳಗೆ ಸಿಕ್ಕಿ, ಚಕ್ರ ಬಟ್ಟೆಯನ್ನೂ ಎಳೆಯಿತು, ಬಲಗೈಯ ಎರಡು ಬೆರಳನ್ನೂ ಎಳೆಯಿತು. ಗಲಾಟೆ ಕೇಳಿ ಓಡಿದೆ. ಅವರನ್ನು ಎತ್ತಿಕೊಂಡು ಹೋಗಿಯಾಗಿತ್ತು. ಆ ಕವಚವನ್ನು ನಾನೇ ಅಳೆದು ನೋಡಿದೆ. ನಕ್ಷೆಯಲ್ಲಿದ್ದಷ್ಟೇ ಇತ್ತು, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲ.

ವಿಚಾರಣೆ ನಡೆಯಿತು. ಒಳಗೆ ಹೋಗುವ ಮುಂಚೆ ಆರೋಗ್ಯಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದರು.

"ಪೇಸಾದೆ ತಂಬಿ, ನೀ ಸುಮ್ನೆ ಇರು. ಪರೀಕ್ಷೆ ಇದೆ ಅಲ್ವಾ? ನೋಡಿದೆ ಅಂತ ಸೈನ್ ಮಾಡಿದ್ದು ನಾನು. ನೋಡಿಲ್ಲ."

ಒಳಗೂ ಅದನ್ನೇ ಹೇಳಿದರು. ಫಿಟ್ಟರ್ ಬಂದು ನನ್ನನ್ನು ಕೇಳಿದ್ದು ಅವರಿಗೆ ಗೊತ್ತಿರಲಿಲ್ಲ. ಅಧಿಕಾರಿಗಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಅಳತೆಯ ಬಗ್ಗೆ ಮೊದಲೇ ಯಾರಾದರೂ ಅನುಮಾನ ಹೇಳಿದ್ದರೇ? ಹೌದೆಂದರೆ ತಪ್ಪಿನ ಮುಕ್ಕಾಲು ಪಾಲು ಆ ಮುದುಕರ ಹೆಗಲಿನಿಂದ ನನ್ನ ಹೆಗಲಿಗೆ ಬರುತ್ತಿತ್ತು. ಅಪ್ರೆಂಟಿಸ್ ಕೆಲಸ, ಅದರ ಸರ್ಟಿಫಿಕೇಟು ಎರಡೂ ಹೋಗುತ್ತಿದ್ದವು. ಇಲ್ಲ ಸಾರ್ ಎಂದೆ. ಮೂರು ವರ್ಷದಲ್ಲಿ ನಾನು ಅಷ್ಟು ಬೇಗ ಕೊಟ್ಟ ಉತ್ತರ ಇನ್ನೊಂದಿಲ್ಲ.

ಆರೋಗ್ಯಸ್ವಾಮಿಯವರನ್ನು ಮುಖ್ಯಸ್ಥರ ಕುರ್ಚಿಯಿಂದ ಇಳಿಸಿ, ಹಳೆಯ ನಕ್ಷೆ ತುಂಬಿದ ಕೋಣೆಗೆ ಹಾಕಿದರು. ನಾನು ಪರೀಕ್ಷೆ ಬರೆದೆ. ಫಲಿತಾಂಶ ಬಂತು. ಒಂದು ಪೇಪರಿನಲ್ಲಿ ಫೇಲಾಗಿದ್ದೆ.

ಮುನಿವೆಂಕಟಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಎರಡು ತಿಂಗಳು ತಡೆದು, ಒಂದು ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅವರು ಜಗಲಿಯ ಮೇಲೆ ಎಡಗೈಯಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ವಿಚಾರಣೆಯಲ್ಲಿ ನಾನು ಹೇಳಿದ ಸುಳ್ಳನ್ನು ತಡವರಿಸುತ್ತಾ ಹೇಳಿದೆ. ಬೈಯಲಿ, ಎದ್ದು ಹೊಡೆಯಲಿ ಎಂದು ಕಾದೆ.

"ಗೊತ್ತು ಕಣಪ್ಪ," ಎಂದರು. "ಆಸ್ಪತ್ರೆಗೆ ಬಂದು ನನ್ನೂ ಕೇಳಿದ್ರು. ನೀನು ಇಲ್ಲ ಅಂದಿದ್ದೀಯ ಅಂತ ಅವ್ರ ಮಾತ್ನಾಗೇ ತಿಳೀತು. ನಾನೂ ಇಲ್ಲ ಅಂದೆ. ಔದು ಅಂದಿದ್ರೆ ನನ್ ಬೆರಳೇನ್ ವಾಪಸ್ ಬತ್ತಿತ್ತಾ? ನಿನ್ ಓದು ಓಗ್ತಿತ್ತು, ಅಷ್ಟೇಯ."

 ಮತ್ತೆ ಮೊರಕ್ಕೆ ಕೈ ಹಾಕುತ್ತಾ ಅವರೇ ಕೇಳಿದರು.

"ಪಾಸಾದೆಯಾ?"

"ಇಲ್ಲ ಅಣ್ಣ. ಒಂದು ಪೇಪರ್ ಹೋಯಿತು."

"ಯಾವ್ದು?"

"ಇತಿಹಾಸ."

ಅವರು ಹುರುಳಿಯ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. ಅವರಿಗೆ ನಗು ಬರುವ ಹಾಗಿತ್ತು, ಬರಲಿಲ್ಲ. ಆಮೇಲೆ ಒಳಗಿಂದ ಒಂದು ಸ್ಲೇಟು ತಂದರು. ಅವರ ಮಗಳದ್ದು. ಕಾರ್ಖಾನೆಯವರು ಅವರನ್ನು ಸಾಮಾನು ಕೊಡುವ ಸ್ಟೋರಿಗೆ ಹಾಕಿದ್ದಾರಂತೆ. ಅಲ್ಲಿ ದಿನವೆಲ್ಲ ಪುಸ್ತಕದಲ್ಲಿ ಸಹಿ ಮಾಡಬೇಕು. ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ.

"ನಿಂದು ಅಕ್ಸರ ಚೆನ್ನಾಗದೆ ಅಂತಾರಲ್ಲ. ಎಡಗೈನಾಗೆ ಬರೆಯಾಕೆ ಏಳ್ಕೊಡು."

ಐದಾರು ಭಾನುವಾರ ಹೋದೆ. ನಾನು ಹೆಬ್ಬೆರಳಷ್ಟು ದಪ್ಪ ಅಕ್ಷರ ಬರೆದುಕೊಡುವುದು, ಆ ನಲವತ್ತೈದು ದಾಟಿದ ಮನುಷ್ಯ ನಾಲಗೆ ಕಚ್ಚಿಕೊಂಡು ಅದರ ಮೇಲೆ ತಿದ್ದುವುದು. ಕೊನೆಯ ಭಾನುವಾರ ತಮ್ಮ ಹೆಸರನ್ನು ಪೂರ್ತಿ ಬರೆದು, ಇನ್ನು ಸಾಕು, ನೀನು ಹೋಗಿ ಓದಿಕೋ ಎಂದರು. ಮುಂದಿನ ಭಾನುವಾರವೂ ಹೋದೆ. ಕಲಿಸಲು ಏನೂ ಉಳಿದಿರಲಿಲ್ಲ. ಅವರ ಹೆಂಡತಿ ಮುದ್ದೆ, ಹುರುಳಿ ಸಾರು ಬಡಿಸಿದರು. ತಲೆ ತಗ್ಗಿಸಿ ಉಂಡು ಬಂದೆ.

ಹಾಗಾದರೆ ಆಫೀಸಿನಲ್ಲಿ ನಿಜ ಹೇಳಿ ಆರೋಗ್ಯಸ್ವಾಮಿಯವರಿಗೆ ಕುರ್ಚಿ ವಾಪಸು ಕೊಡಿಸಿದೆಯಾ ಎಂದು ನೀವು ಕೇಳುತ್ತೀರಿ. ಇಲ್ಲ. ಈ ಪರೀಕ್ಷೆಯೊಂದು ಮುಗಿಯಲಿ ಎಂದುಕೊಂಡೆ. ಮುಗಿಯಿತು, ಪಾಸೂ ಆದೆ. ಕೆಲಸ ಕಾಯಂ ಆಗಲಿ ಎಂದುಕೊಂಡೆ, ಅದೂ ಆಯಿತು. ಅಷ್ಟರಲ್ಲಿ ಅವರು ಆ ದೂಳಿನ ಕೋಣೆಯಿಂದಲೇ ನಿವೃತ್ತರಾಗಿ, ಕೆಲವು ವರ್ಷಗಳಲ್ಲಿ ತೀರಿಯೂ ಹೋದರು. ಈಗ ಕಾರ್ಖಾನೆ ಮುಚ್ಚಿದೆ, ವಿಚಾರಣೆ ನಡೆಸಿದವರು ಒಬ್ಬರೂ ಇಲ್ಲ, ನನಗೂ ನಿವೃತ್ತಿಯಾಗಿದೆ. ನಿಜ ಹೇಳಿದರೆ ನನ್ನನ್ನು ಕೆಲಸದಿಂದ ತೆಗೆಯಬಲ್ಲವರು ಯಾರೂ ಉಳಿದಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡ ಮೇಲೆಯೇ, ನೋಡಿ, ಇದನ್ನು ಬರೆಯಲು ಕೂತದ್ದು.